ಹಗೇವು

ಮೂರು ವರ್ಷ ಬರೆದೆ, ಜೆರಾಕ್ಸ್ ಅಂಗಡಿಯ ಹಾಳು ಹಾಳೆಗಳ ಬೆನ್ನಿಗೆ:
ಇನ್ನೂರ ಹದಿನೇಳು ಕೋಣೆ, ಒಂಬತ್ತು ಪಾತಾಳ,
ಅಂಟಿಸಿ ಹಾಸಿದರೆ
ನಡುಮನೆಯಿಂದ ಬಚ್ಚಲಿಗೆ ಮುಟ್ಟುತ್ತದೆ.

ಭಾನುವಾರ, ದಾವಣಗೆರೆ ಬಿಸಿಲು,
ಮಂಡಕ್ಕಿ ಭಟ್ಟಿಯ ಹಿಂದಿನ ಕಟ್ಟೆ.
ತೌಫೀಕ ಕೊಡಲಿ ಹಿಡಿದ ಕುಬ್ಜ.
ಮಂತ್ರವಾದಿ ಪಂಚಾಕ್ಷರಿ ಮಿರ್ಚಿ ತಿಂದ ಬೆರಳಲ್ಲೇ ನಕ್ಷೆ ಮುಟ್ಟಿ
ಏಳನೇ ಕೋಣೆಗೆ ಎಣ್ಣೆಯ ಕೆರೆ ತಂದ.
ಇರಲಿ. ಬರೆದುಕೊಂಡೆ: ಕೆರೆ, ಆಳ ಗೊತ್ತಿಲ್ಲ.

"ಹಗೇವಿನ ಬಾಯಿ ತೆರೆದಿದೆ. ಕೆಳಗೆ ಕತ್ತಲೆ. ಇಳಿಯುತ್ತೀರಾ?"
ಇಬ್ಬರೂ ದಾಳ ಕುಲುಕಿದರು.
ಜಗಳೂರು ಕಡೆಯ ಹಾಲಮ್ಮ ಕೈ ಅಡ್ಡ ಹಿಡಿದಳು:
"ಮೊದ್ಲು ದೀಪ ಇಳಿಬಿಡ್ರಿ.
ಒಳಗ ಕೆಟ್ಟ ಗಾಳಿ ಇರ್ತತಿ.
ನಮ್ ಕಾಕ ಹಂಗೇ ಹೋದ."

ಇನ್ನೂರ ಹದಿನೇಳು ಕೋಣೆ.
ಒಂದರಲ್ಲೂ ಗಾಳಿ ಬರೆದಿರಲಿಲ್ಲ ನಾನು.

ಹಗ್ಗ ಎಷ್ಟು ಉದ್ದ ಐತಿ, ಕೇಳಿದೆ.