ಹನ್ನೊಂದನೆಯ ಮಂಚದ ಇಂಗ್ಲಿಷ್

ಬೈತಖೋಲಕ್ಕೆ ಡಾಂಬರು ತಂದ ಹಡಗಿನಿಂದ
ಅಪೆಂಡಿಕ್ಸ್ ಒಡೆದ ಒಬ್ಬನನ್ನು
ರಾತ್ರಿ ಎರಡಕ್ಕೆ ನಮ್ಮ ವಾರ್ಡಿಗೆ ತಂದರು.
ಜಾರ್ಜಿಯಾ ದೇಶದವನಂತೆ, ಹೆಸರು ತೆಂಗೀಜ್.
ಕೇಸ್ ಶೀಟಿನಲ್ಲಿ ನಾನು ಎರಡು ಸಲ ತಪ್ಪು ಬರೆದೆ.
ಆಯಾ ಶೇವಂತಿ ದುರ್ಗೇಕರ
ಬರೆಯುವ ಗೋಜಿಗೇ ಹೋಗದೆ ತೆಂಗಿನಕಾಯಿ ಎಂದಳು.
ಅವನು ಓಗೊಟ್ಟ.

ನಮ್ಮ ಸರ್ಜನ್ನರದು ಹುಬ್ಬಳ್ಳಿ ಕಾನ್ವೆಂಟಿನ ಇಂಗ್ಲಿಷು,
ಇಸ್ತ್ರಿ ಮುರಿಯದ ಬಿಳಿ ಕೋಟಿನ ಹಾಗೆ.
ಎಲ್ಲಿ ಕೊಯ್ದದ್ದು, ಯಾಕೆ, ಏನು ತಿನ್ನಬಾರದು
ಎಲ್ಲ ವಿವರಿಸಿದರು.
ಅವನು ಗೋಡೆಯ ಹಲ್ಲಿಯನ್ನು ನೋಡುತ್ತಿದ್ದ.
ಅವರು ಅತ್ತ ಹೋದದ್ದೇ
ಶೇವಂತಿ ಬೆರಳೆತ್ತಿದಳು:
‘ರೈಸ್ ನೋ. ಫಿಶ್ ನೋ. ಗಂಜಿವಾಟರ್ ಎಸ್.
ಕಾಫ್ ಕಮ್, ಪಿಲ್ಲೋ ಪ್ರೆಸ್.’
ದಿಂಬನ್ನು ಹೊಟ್ಟೆಗೊತ್ತಿ
ಅವನು ಕೆಮ್ಮಿ ತೋರಿಸಿದ.

ಎಲ್ಲಿ ಕಲಿತೆ ಮಾರಾಯ್ತಿ?
ಮದುವೆಗೆ ಮೊದಲು ನಾಕು ವರ್ಷ
ಗೋವಾದ ಶ್ಯಾಕಿನಲ್ಲಿ ಪಾತ್ರೆ ತೊಳೆದಳಂತೆ.
ರಶಿಯಾದವರಿಂದ ಐವತ್ತು ಶಬ್ದ,
ಇಸ್ರೇಲಿನವರಿಂದ ಮೂವತ್ತು,
ಒಬ್ಬ ಇಟಲಿಯವನಿಂದ ಬರೀ ಬೈಗುಳ.
ಅವರ್ಯಾರ ಊರಲ್ಲೂ ಅದು ಮನೆಮಾತಲ್ಲ
ಎಂದು ನಾನಂದರೆ ನಕ್ಕಳು:
‘ಹಾಂಗಾಗೇ ಸಸಾರ ಇತ್ತು ಸಿಸ್ಟರ್.’

ಮೂರನೇ ದಿನ ವಿಮೆ ಕಂಪನಿಯವನು ಬಂದ.
ನಿಜವಾದ ಇಂಗ್ಲಿಷಿನವ, ಲಿವರ್‌ಪೂಲಿನವ.
ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡು ಮಾತಾಡಿದ ಹಾಗೆ.
ತೆಂಗೀಜ್ ನನ್ನ ಮುಖ ನೋಡಿದ,
ನಾನು ಸರ್ಜನ್ನರ ಮುಖ ನೋಡಿದೆ,
ಅವರು ಎರಡು ಸಲ ‘ಪಾರ್ಡನ್’ ಅಂದು
ಮೂರನೇ ಸಲ ಸುಮ್ಮನೆ ತಲೆ ಆಡಿಸಿದರು.
ಶೇವಂತಿ ನನ್ನ ಕಿವಿಗೆ ಬಾಗಿ
‘ಪಾಪ, ಇವಂಗೆ ಇಂಗ್ಲಿಷ್ ಬರೂದಿಲ್ಲ.’

ಆ ರಾತ್ರಿ ಜ್ವರ ಏರಿ ಅವನು ಮಾಮಾ ಮಾಮಾ ಎಂದ.
ತಾಯಿಯನ್ನು ಕರೆಯುತ್ತಿದ್ದಾನೆಂದು ನಾನು,
ಇಲ್ಲ, ಸೋದರಮಾವ ಇರಬೇಕೆಂದು ಅವಳು.
ಬೆಳಿಗ್ಗೆ ಜ್ವರ ಇಳಿದಮೇಲೆ
ಮೊಬೈಲಿನಲ್ಲಿ ಒಂದು ಗಡ್ಡದ ಮುಖ ತೋರಿಸಿದ,
ದ್ರಾಕ್ಷಿಯ ಚಪ್ಪರದ ಕೆಳಗೆ, ಟೊಪ್ಪಿಗೆ.
‘ಮಾಮಾ. ಮೈ ಫಾದರ್.’
ಅವರ ಭಾಷೆಯಲ್ಲಿ ಅಪ್ಪನಿಗೆ ಹಾಗನ್ನುತ್ತಾರಂತೆ.
‘ಮಾರ್ಚ್. ಐ ಶಿಪ್. ಮಾಮಾ ಫಿನಿಶ್.’

ಶೇವಂತಿ ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟಳು.
‘ಮೈ ಹಸ್ಬಂಡ್,’ ಅಂದಳು,
ಕಿಟಕಿಯಾಚೆ ಎಲ್ಲಿ ಸಮುದ್ರ ಇರಬೇಕೋ
ಆ ಕಡೆ ಕೈ ಮಾಡಿ,
‘ಬೋಟ್. ವಿಂಡ್. ಫಿನಿಶ್.’
‘ಬಾಡಿ?’
‘ನೋ ಬಾಡಿ.’

ಹನ್ನೆರಡು ವರ್ಷದಿಂದ ನನ್ನ ಜೊತೆ
ಹಗಲುಪಾಳಿ ರಾತ್ರಿಪಾಳಿ ಮಾಡಿದವಳು.
ಗಂಡ ತೀರಿದ್ದು ನನಗೆ ಗೊತ್ತಿತ್ತು,
ರಜಾ ಅರ್ಜಿ ಬರೆದುಕೊಟ್ಟವಳೇ ನಾನು.
ಹೆಣ ಸಿಗಲಿಲ್ಲವೆಂದು ಗೊತ್ತಿರಲಿಲ್ಲ.
ನಾನು ಕೇಳಿರಲಿಲ್ಲ.
ನನ್ನೊಡನೆ ಅವಳಾಡುವ ಕನ್ನಡವೂ
ಹೀಗೇ ಎಲ್ಲೋ ಪಾತ್ರೆ ತೊಳೆಯುತ್ತ ಕಲಿತದ್ದು,
ಬೆಡ್‌ಪ್ಯಾನ್, ಬಿಸಿನೀರು, ಬಂದೆ ಸಿಸ್ಟರ್,
ಅಷ್ಟಕ್ಕೆ ಸಾಕಾಗುವಷ್ಟು.

ಹತ್ತನೇ ದಿನ ಏಜೆಂಟನ ಓಮ್ನಿಯಲ್ಲಿ ಅವನು ಹೋದ.
‘ಟುಮಾರೋ’ ಎಂದ ಕೈಬೀಸುತ್ತ.
ಬಾಯ್ ಅನ್ನಬೇಕಿತ್ತು, ತಪ್ಪಿರಬೇಕು.
‘ಟುಮಾರೋ’ ಎಂದಳು ಅವಳೂ.

ಮಂಚಕ್ಕೆ ಹೊಸ ಹಾಸು ಹಾಸುತ್ತ
ಸುಮ್ಮನೆ ಕೇಳಿದ ಹಾಗೆ ಕೇಳಿದೆ,
ಫಿನಿಶ್‌ಗೆ ನಿಮ್ಮ ಕೊಂಕಣಿಯಲ್ಲಿ ಏನಂತೀರಿ?
‘ಗೆಲೊ.’
ನನ್ನ ಕಿವಿಗೆ ಅದು ಯಾರೋ ಗೆದ್ದ ಹಾಗೆ ಕೇಳಿಸಿತು.
ಏನು, ಎಂದೆ.
ಅವಳು ಹಾಸಿನ ಚುಂಗು ಬಿಟ್ಟು
ಒಂದು ಬೆರಳೆತ್ತಿ,
ಪರದೇಶದವಳಿಗೆ ಹೇಳುವಷ್ಟು ನಿಧಾನವಾಗಿ
ಇನ್ನೊಮ್ಮೆ ಹೇಳಿದಳು.