ಅಕ್ಷರಕ್ಕೆ ಅರವತ್ತು

ಜಿಗಣಿಯ ನಮ್ಮ ಯಾರ್ಡಿಗೆ ಬಂದ ಆರ್ಡರು:
ಬೂದು ಕಲ್ಲು, ಒಂದು. ಎತ್ತರ ಹನ್ನೊಂದಡಿ.
ಎಲ್ಲೋ ದೂರದಲ್ಲಿ ಅಕ್ಕಪಕ್ಕದ ಎರಡು ದೇಶ
ಜಗಳ ಸಾಕುಮಾಡಿ ಗಡಿಯಲ್ಲಿ ನಿಲ್ಲಿಸುತ್ತವಂತೆ.
ಈ ಮುಖಕ್ಕೆ ಇವರ ಲಿಪಿ, ಆ ಮುಖಕ್ಕೆ ಅವರದು.
ಎತ್ತರದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು.
ಮಿಷನ್ ಬೇಡ, ಕೈಯಲ್ಲೇ ಕೆತ್ತಬೇಕು.

ಚೌರಪ್ಪ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.
ಒಂದು ಬಲದಿಂದ ಹೊರಡುತ್ತದೆ, ಒಂದು ಎಡದಿಂದ.
“ಇದರಲ್ಲಿ ಶಾಂತಿ ಅನ್ನೋದು ಯಾವುದಮ್ಮ?”
ನನಗೇನು ಗೊತ್ತು, ನಾನು ಬಿಲ್ಲು ಬರೆಯುವವಳು.
ಯಾವುದೆಂದು ತಿಳಿಯದ್ದಕ್ಕೆ
ಪ್ರತಿಯೊಂದನ್ನೂ ಇದೇ ಇರಬಹುದೆಂದು ಕೆತ್ತಿದ.

ಕೂಲಿ ಅಕ್ಷರಕ್ಕೆ ಅರವತ್ತು.
ಎಣಿಸಿದೆ: ಈ ಕಡೆ ಎಂಬತ್ತೆರಡು, ಆ ಕಡೆ ನೂರಾ ಆರು.
“ಎರಡೂ ಒಂದೇ ಮಾತು ಅಂದ್ರಲ್ಲ,
ಮಿಕ್ಕ ಇಪ್ಪತ್ನಾಲ್ಕರಲ್ಲಿ ಅವರು ಇನ್ನೇನು ಸೇರಿಸಿದಾರೆ?”
ಚೌರಪ್ಪ ನಗಲು ಹೋಗಿ ಕೆಮ್ಮಿದ.
ಇಪ್ಪತ್ತೆಂಟು ವರ್ಷದ ಕಲ್ಲುಪುಡಿ ಅದು,
ನಗುವಿಗಿಂತ ಮೊದಲೇ ಬಂದು ನಿಲ್ಲುತ್ತದೆ.

ಭಾನುವಾರ ಮಗಳನ್ನು ಲಾಲ್‌ಬಾಗಿಗೆ ಕರೆದೊಯ್ದೆ.
ಬಂಡೆಯ ಮೇಲಿನ ಗೋಪುರ ತೋರಿಸಿ ಕೇಳಿದಳು, ಇದ್ಯಾಕೆ?
ಊರು ಇಲ್ಲಿಗೆ ಮುಗಿಯಲಿ ಅಂತ ಕಟ್ಟಿದ್ದಂತೆ, ಅಂದೆ.
ಆ ಕಡೆ ನೋಡಿದಳು, ಜಯನಗರ. ಈ ಕಡೆ ಮಾವಳ್ಳಿ.
ಗೋಪುರದ ನೆರಳಲ್ಲಿ ಯಾರೋ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರು.
“ಮುಗಿದೇ ಇಲ್ವಲ್ಲ!”

ಸೋಮವಾರ ಕ್ರೇನ್ ಬಂತು. ಗೋಣಿ ಸುತ್ತಿ,
ಹಗ್ಗ ಬಿಗಿದು, ನಿಂಬೆಹಣ್ಣು ಚಕ್ರಕ್ಕಿಟ್ಟು
ಲಾರಿ ಹೊಸೂರು ರಸ್ತೆ ಹಿಡಿಯಿತು.
ಉಳಿದದ್ದು ಚಕ್ಕೆ,
ಅಕ್ಷರ ಅಕ್ಷರವಾಗಲೆಂದು ಒಳಗಿಂದ ಜಾಗ ಬಿಟ್ಟ ಕಲ್ಲು,
ಇವರದಷ್ಟು, ಅವರದಷ್ಟು.
ಬೇರೆಬೇರೆ ಇಡಿ ಎಂದು ಯಾರೂ ಹೇಳಿರಲಿಲ್ಲ.
ಚೌರಪ್ಪನೇ ಗುಡಿಸಿ, ಒಂದೇ ಬಾಂಡ್ಲಿಗೆ ತುಂಬಿ
ಗೇಟಿನ ಮುಂದಿನ ಗುಂಡಿಗೆ ಸುರಿದ.
ನೀರು ನಿಂತಾಗೆಲ್ಲ ನನ್ನ ಸ್ಕೂಟಿ ಮುಗ್ಗರಿಸುತ್ತಿದ್ದ ಗುಂಡಿ.

ಬಾಕಿ ಹಣ ಇನ್ನೂ ಬಂದಿಲ್ಲ.
ಯಾರು ಎಷ್ಟು ಕೊಡಬೇಕೆಂದು ಆ ಎರಡು ದೇಶ
ಕೂತು ಮಾತಾಡುತ್ತಿವೆಯಂತೆ. ಮಾತಾಡಲಿ.
ಸಂಜೆ ಮನೆಗೆ ಹೊರಟಾಗ
ಚಕ್ರದ ಕೆಳಗೆ ಚಕ್ಕೆ ಸ್ವಲ್ಪ ಗೊಣಗುತ್ತದೆ,
ಯಾವ ಭಾಷೆಯೋ.
ಆಮೇಲೆ ರಸ್ತೆ.