ಹೆಸರು, ಹುಟ್ಟಿದ ದಿನ

ದಿನಕ್ಕೆ ನಲವತ್ತು ಸಲ ಇದೇ ಎರಡು ಪ್ರಶ್ನೆ:
ಹೆಸರು ಹೇಳಿ, ಹುಟ್ಟಿದ ದಿನ ಹೇಳಿ.
ಹೇಳಿದ ಮೇಲೆ ಮುಷ್ಟಿ ಕಟ್ಟಿ.
ಬ್ಯಾಲರಾಟಿನ ಈ ಲ್ಯಾಬಿನಲ್ಲಿ
ಹನ್ನೆರಡು ವರ್ಷದಿಂದ ನಾನು ರಕ್ತ ತೆಗೆಯುವವಳು.
ಕುರಿಯ ಉಣ್ಣೆ ಕತ್ತರಿಸುವವರ ಹಗ್ಗದಂಥ ನರ,
ಮುಟ್ಟಿದರೆ ಜಾರಿಕೊಳ್ಳುವ ಮುದುಕಿಯರ ನೀಲಿ ನರ,
ಕಣ್ಣು ಮುಚ್ಚಿಯೂ ಹುಡುಕಬಲ್ಲೆ.

ನಾನು ಮಾತ್ರ ಈಚೆಗೆ ನನ್ನ ಕೈಗೆ ಸಿಗುತ್ತಿಲ್ಲ.

ರಾತ್ರಿ ಮೂರಕ್ಕೆ ಎಚ್ಚರ. ಹೊರಗೆ ಸೊನ್ನೆಗಿಂತ ಎರಡು ಕೆಳಗೆ,
ಕಾರಿನ ಗಾಜಿಗೆ ರಂಗೋಲಿಪುಡಿ ಚೆಲ್ಲಿದ ಹಾಗೆ ಹಿಮ.
ಒಳಗೆ ನನ್ನ ಬೆನ್ನಲ್ಲಿ
ಯಾರೋ ಒಲೆ ಹಚ್ಚಿಟ್ಟು ಮರೆತು ಹೋಗಿದ್ದಾರೆ.
ಕರೆಂಟು ಕಂಬಳಿಗೆ ಎರಡು ಗುಂಡಿ:
ಶ್ರೀಧರಮೂರ್ತಿಯದು ಮೂರರಲ್ಲಿ, ನನ್ನದು ಆಫ್.

ಬಚ್ಚಲ ಕಪಾಟಿನಲ್ಲಿದ್ದ ನನ್ನ ಪ್ಯಾಡಿನ ಪೊಟ್ಟಣ
ಮಗಳ ಹೆಸರಿಗೆ ಖಾತೆ ಬದಲಾಗಿದೆ,
ನೋಂದಣಿ ಇಲ್ಲ, ಸಾಕ್ಷಿಯ ಸಹಿ ಇಲ್ಲ.
ಅವಳು ಬಾಗಿಲು ಬಡಿದರೆ ನಾನೂ ಬಡಿಯುತ್ತೇನೆ.

ಬಾಗಲಕೋಟೆಯ ವೈದ್ಯೆ ಗಂಗಾಂಬಿಕೆ ಫೋನಿನಲ್ಲಿ ಕೇಳಿದರು:
ಅಲ್ಲೀಗ ಯಾವ ಋತು ರೀ?
ಆಷಾಢ, ಅಂದೆ. ಅಂದ್ರ ಮಳಿ?
ಅಲ್ಲ ಮೇಡಂ, ಇಬ್ಬನಿ ಗಟ್ಟಿಯಾಗುವ ಚಳಿ.
ಅತ್ತ ಕಡೆ ಪುಟ ತಿರುವುವ ಸದ್ದು, ಆಮೇಲೆ ನಗು:
ಹಂಗಿದ್ರ ಪಂಚಾಂಗ ಕೆಳಗಿಡ್ರಿ, ಕಿಟಕಿ ನೋಡ್ರಿ.
ಐವತ್ತು ದಾಟಿದ ಮೈ ಗಾಳಿಯ ಮನಿ,
ಅಂಗಾಲಿಗೆ ಎಳ್ಳೆಣ್ಣಿ, ಹಾಲಿಗೆ ಶತಾವರಿ,
ಸಿಟ್ಟು ಬಂದ ದಿನ ಹಸಿಮೆಣಸಿನಕಾಯಿ ಮುಟ್ಟಬ್ಯಾಡ್ರಿ.
ರಕ್ತಾನೂ ಪರೀಕ್ಷಾ ಮಾಡಸ್ರಿ,
ನಾಡಿ ಫೋನಿನ್ಯಾಗ ಸಿಗಂಗಿಲ್ಲ.

ಋತುಬಂಧ. ಎಂಥ ಪದ!
ಕಟ್ಟಿದ್ದು ಯಾರು? ಯಾವ ಹಗ್ಗದಿಂದ?
ಶುಕ್ರವಾರ ಸಂಜೆ ಚರ್ಚಿನ ಹಾಲಿನಲ್ಲಿ
ಎರಡೂ ಮಂಡಿ ಲೋಹದ್ದಾದ ಮೊರೀನ್ ಹೇಳಿಕೊಡುತ್ತಾಳೆ:
ಬಂಧ ಅಂದರೆ ಬೀಗವಲ್ಲ,
ಒಂದಿಷ್ಟು ಹೊತ್ತು ಹಿಡಿ, ಆಮೇಲೆ ಬಿಡು.
ಕೊನೆಗೆ ಎಲ್ಲರನ್ನೂ ಮಲಗಿಸಿ ‘ಸವಾಸನ’ ಅನ್ನುತ್ತಾಳೆ.
ನನಗೆ ಕೇಳುವುದು ಸವಾಸ.
ಹೆಣದ ಹಾಗೆ ಬಿದ್ದುಕೊಂಡ ಹನ್ನೊಂದು ಜನ,
ರಗ್ಗಿನ ವಾಸನೆ, ಯಾರದೋ ಹೊಟ್ಟೆಯ ಗುರ್ರ್.
ಈ ಮೈಯ ಸವಾಸ ಸಾಕಪ್ಪ ಅಂತ ಬಂದವಳು
ಇನ್ನೈದು ನಿಮಿಷ ಇರಲಿ ಅನ್ನುತ್ತೇನೆ.

ನಿನ್ನೆ ಪರೀಕ್ಷೆಗೆಂದು ನನ್ನದೇ ಲ್ಯಾಬಿನ ಕುರ್ಚಿಯಲ್ಲಿ ಕೂತೆ.
ಟೆಗನ್ ರಬ್ಬರು ಪಟ್ಟಿ ಬಿಗಿದಳು. ದಿನವೂ
ಒಟ್ಟಿಗೆ ಊಟ ಮಾಡುವವಳು, ಆದರೂ ನಿಯಮ ನಿಯಮವೇ:
ಹೆಸರು? ಹುಟ್ಟಿದ ದಿನ?
ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು.
ಇಂಡಿ ಅನ್ನುವುದು ಇವರಿಟ್ಟದ್ದು,
ಇಂದುಮತಿ ಅನ್ನುವುದು ಅಜ್ಜ ಇಟ್ಟದ್ದು.
ಜೂನ್ ಒಂದು, ಶಾಲೆಗೆ ಸೇರಿಸುವಾಗ
ಹೆಡ್‌ಮಾಸ್ತರರು ತಮ್ಮ ಅನುಕೂಲಕ್ಕೆ ಬರೆದದ್ದು.
ಅವ್ವನ ಲೆಕ್ಕದಲ್ಲಿ ನಾನು
ಸೀತನಿ ಸುಡುವ ಚಳಿಯಲ್ಲಿ ಹುಟ್ಟಿದವಳು.
ಇವನ್ನೆಲ್ಲ ಒಂದೊಂದಾಗಿ ಬದಿಗಿಟ್ಟರೆ
ಮುಷ್ಟಿ ಕಟ್ಟಿ ಕೂತಿರುವವಳು ಯಾರು?

ಟೆಗನ್ ಕಾಯುತ್ತಿದ್ದಳು.
ಗೋಡೆಯ ಕ್ಯಾಲೆಂಡರಿನಲ್ಲಿ
ಜೂನ್ ಒಂದರ ಚೌಕದೊಳಗೆ ಸಣ್ಣಕ್ಷರದಲ್ಲಿ:
ಚಳಿಗಾಲದ ಮೊದಲ ದಿನ.
ಮಾಸ್ತರರ ಸುಳ್ಳು ಇಷ್ಟು ದೂರ ಬಂದು
ಅವ್ವನ ಸೀತನಿಯ ಬೆಂಕಿಗೆ ಕೈ ಕಾಯಿಸುತ್ತ ಕೂತಿತ್ತು.

ಹೇಳಿದೆ. ಎರಡು ನಳಿಕೆ ತುಂಬಿತು.
ಹತ್ತಿ ಒತ್ತಿಕೊಂಡು ಕಾರಿನಲ್ಲಿ ಕೂತು
ಎಡ ಮಣಿಕಟ್ಟಿಗೆ ಮೂರು ಬೆರಳಿಟ್ಟೆ,
ಹೆಂಗಸರಿಗೆ ಎಡಗೈ ಅಂದಿದ್ದರು.
ಓದಲು ನನಗೆ ಬಾರದು.
ಬಡಿಯುತ್ತಿತ್ತು, ಅಷ್ಟೆ, ಏನೂ ಕೇಳದೆ.

ಎಳ್ಳೆಣ್ಣೆ ಮುಗಿದಿತ್ತು, ಮಗಳ ಪೊಟ್ಟಣವೂ.
ದಾರಿಯಲ್ಲಿ ಎರಡನ್ನೂ ತಂದೆ.